ನಿನ್ನೆಯ ಉಬ್ಬರದ ಹೊತ್ತು

ಅವರನ್ನು ನಾನು ಮೊದಲು ನೋಡಿದ್ದು ಬಸ್ ನಿಲ್ದಾಣದ ವಿಚಾರಣೆ ಕಿಟಕಿಯಲ್ಲಿ, ಬೆಳಗ್ಗೆ ಒಂಬತ್ತು ಗಂಟೆ ಹತ್ತು ನಿಮಿಷಕ್ಕೆ. ಕನ್ನಡಕದ ದಾರ ಕಿಟಕಿಯ ಸರಳಿಗೆ ಸಿಕ್ಕಿಕೊಂಡಿತ್ತು. ಅದನ್ನು ಬಿಡಿಸಿಕೊಳ್ಳುತ್ತಲೇ ನನ್ನ ಮುಂದಿದ್ದ ಮೂವರಿಗೆ ಉತ್ತರ ಹೇಳಿ ಕಳುಹಿಸಿದರು. ಐವತ್ತು ದಾಟಿದ ಹೆಂಗಸು, ಬೆರಳಿಗೆಲ್ಲ ಸೀಮೆಸುಣ್ಣ. ನಿಲ್ದಾಣದವರಿಗೆಲ್ಲ ಅವರು ದಾರಿಯಕ್ಕ.

ನನ್ನ ಕೈಯಲ್ಲಿ ಶಾಲೆಯ ನೇಮಕಾತಿ ಪತ್ರವಿತ್ತು. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೊಬ್ಬನೇ. ಪತ್ರ ಕೈಸೇರಿದ್ದೇ ತಡವಾಗಿ, ಅಂದು ಕೊನೆಯ ದಿನ. ಸಂಜೆ ಐದರೊಳಗೆ ಕಡಲಂಚಿನ ಆ ಮೂಲೆಯ ಊರು ಮುಟ್ಟಿ ಸಹಿ ಹಾಕದಿದ್ದರೆ ಕೆಲಸ ಪಟ್ಟಿಯಲ್ಲಿದ್ದ ಮುಂದಿನವರ ಪಾಲು.

“ಅಲ್ಲಿಗೆ ಮೂರು ದಾರಿ ತಮ್ಮಾ,” ಎಂದರು. “ರೈಲು ಇವತ್ತಿಲ್ಲ. ಇನ್ನೊಂದು, ಅಳಿವೆ ದಡದ ತನಕ ಬಸ್ಸು, ಅಲ್ಲಿಂದ ಲಾಂಚು. ಮೂರನೇದು ಗುಡ್ಡ ಸುತ್ತಿಕೊಂಡು ಹೋಗೋ ಬಸ್ಸು.”

“ಲಾಂಚು ಎಷ್ಟೊತ್ತಿಗೆ?”

ಅವರು ಹಿಂದಿನ ಕರಿಹಲಗೆ ನೋಡಿದರು. ಕಡಲ ಉಬ್ಬರಕ್ಕೆ ಅಳಿವೆಯಲ್ಲಿ ನೀರು ತುಂಬಿದಾಗ ಮಾತ್ರ ಲಾಂಚು ದಾಟುತ್ತದೆ. ಆ ಹೊತ್ತು ದಿನಕ್ಕೆ ಮುಕ್ಕಾಲು ಗಂಟೆಯಷ್ಟು ಮುಂದೆ ಸರಿಯುತ್ತದೆ. ಲಾಂಚು ನಡೆಸುವವನು ಅವರ ಸ್ವಂತ ತಮ್ಮ. ದಿನಾ ಬೆಳಗ್ಗೆ ಅವನು ಫೋನ್ ಮಾಡಿ ಹೇಳಿದ್ದನ್ನು ಇವರು ಹಲಗೆಯ ಮೇಲೆ ಬರೆಯುತ್ತಿದ್ದರು.

“ಹನ್ನೆರಡೂವರೆಗೆ. ನಿನ್ನ ಬಸ್ಸು ದಡ ಮುಟ್ಟೋದೇ ಒಂದು ಗಂಟೆಗೆ. ಆಗಲ್ಲ. ಗುಡ್ಡದ ಬಸ್ಸೇ ಹತ್ತು. ಟೈಮಿಗೆ ಹೋದ್ರೆ ಐದಕ್ಕೆ ಹತ್ತು ನಿಮಿಷ ಇರುತ್ತೆ.”

“ಟೈಮಿಗೆ ಹೋಗುತ್ತಾ ಅಕ್ಕಾ?”

“ಹೋಗಿದ್ದು ನಾನಂತೂ ನೋಡಿಲ್ಲ.”

ಒಂಬತ್ತೂವರೆಗೆ ಬಸ್ಸು ಹೊರಟಿತು. ಊರಾಚೆಯ ರೈಲ್ವೆ ಗೇಟಿನಲ್ಲಿ ನಿಂತುಬಿಟ್ಟಿತು. ಗೂಡ್ಸ್ ರೈಲೊಂದು ಹಳಿಯ ಮೇಲೆ ಅಲುಗಾಡದೆ ಕೂತಿತ್ತು. ಹತ್ತು ನಿಮಿಷ, ಇಪ್ಪತ್ತು ನಿಮಿಷ. ಇದ್ದ ಹತ್ತು ನಿಮಿಷವೂ ಕೈಬಿಟ್ಟಿತು.

ಗೂಡ್ಸ್ ಕೊನೆಗೂ ಅಲುಗಿತು. ಅಷ್ಟರಲ್ಲಿ ಯಾರೋ ಬಸ್ಸಿನ ಬಾಗಿಲನ್ನು ಬಡಬಡ ಬಡಿದರು. ದಾರಿಯಕ್ಕ! ಏದುಸಿರು ಬಿಡುತ್ತಿದ್ದರು.

“ತಮ್ಮಾ, ಇಳಿ. ಹಲಗೆ ಮೇಲಿದ್ದದ್ದು ನಿನ್ನೆ ಹೊತ್ತು. ಇವತ್ತು ಫೋನ್ ತಡವಾಗಿ ಬಂತು, ನಾನು ಹಳೇದನ್ನ ಅಳಿಸಿರಲಿಲ್ಲ. ಲಾಂಚು ಒಂದೂಕಾಲಿಗೆ. ದಡದ ಬಸ್ಸು ಹಿಂದೇನೇ ನಿಂತಿದೆ, ಅದರಲ್ಲೇ ಬಂದೆ.”

“ನಮ್ಮ ಗಿರಾಕೀನೇ ಕದೀತೀರಲ್ಲ ಅಕ್ಕಾ!” ಎಂದು ಕಂಡಕ್ಟರ್ ನಕ್ಕ. ನನ್ನ ಕಡೆ ತಿರುಗಿ, “ಸುಮ್ನೆ ಕೂತ್ಕೊಳ್ಳಿ ಸಾರ್. ಲಾಂಚು ತಪ್ಪಿದ್ರೆ ದಡದಲ್ಲಿ ಮರಳು ಎಣಿಸ್ಬೇಕಾಗುತ್ತೆ,” ಎಂದ.

ಗೇಟು ಮೇಲೇಳುತ್ತಿತ್ತು. ಒಮ್ಮೆ ತಪ್ಪು ಹೇಳಿದವರನ್ನು ಮತ್ತೆ ನಂಬುವುದೇ?

“ತಪ್ಪು ನಂದು,” ಎಂದರು ಅವರು. “ಇಳಿದ್ರೆ ಕೆಲಸ ಸಿಗಬಹುದು. ಕೂತ್ರೆ ಖಂಡಿತ ಸಿಗಲ್ಲ.”

ತಮ್ಮ ತಪ್ಪನ್ನು ಬಸ್ಸಿನ ತುಂಬ ಜನರೆದುರು ಹೇಳಿಕೊಂಡವರು ಸುಳ್ಳಾಡಲಾರರು ಅನ್ನಿಸಿತು. ಟ್ರಂಕು ಎತ್ತಿಕೊಂಡು ಧುಮುಕಿದೆ. ಹಿಂದಿನ ಬಸ್ಸಿಗೆ ಅವರೇ ನನ್ನನ್ನು ನೂಕಿ ಹತ್ತಿಸಿದರು.

ದಡ ಮುಟ್ಟಿದಾಗ ಒಂದು ಗಂಟೆ ಇಪ್ಪತ್ತು ನಿಮಿಷ. ಲಾಂಚಿನ ಹಗ್ಗ ಬಿಚ್ಚಿಯಾಗಿತ್ತು. ದಾರಿಯಕ್ಕನ ತಮ್ಮ ಗದರಿದ: “ಬೇಗ ಹಾರಿ ಮೇಷ್ಟ್ರೇ! ಅಕ್ಕ ಫೋನ್ ಮಾಡಿ ನಿಲ್ಸು ಅಂದಿದ್ಲು. ನೀರು ಇಳೀತಿದೆ. ನೀರಿಗೆ ನಮ್ಮಕ್ಕನ ಹೆದರಿಕೆ ಇಲ್ಲ, ನನಗಿದೆ.” ನಡುವೆ ಎರಡು ಸಲ ತಳ ಮರಳಿಗೆ ಕರ್ರೆಂದು ಉಜ್ಜಿತು.

ಮೂರಕ್ಕೆ ನಾನು ಸಹಿ ಹಾಕಿದೆ. ಗುಡ್ಡದ ಬಸ್ಸು ಬಂದದ್ದು ಆರೂವರೆಗೆ.

ಅಪ್ಪಣೆಯಿಲ್ಲದೆ ಕಿಟಕಿ ಬಿಟ್ಟು ಹೋದದ್ದಕ್ಕೆ ಮೇಲಧಿಕಾರಿ ದಾರಿಯಕ್ಕನಿಂದ ವಿವರಣೆ ಕೇಳಿದರು. ಅವರು ಬಿಟ್ಟು ಹೋದದ್ದನ್ನೂ, ತಪ್ಪು ಹೊತ್ತು ಹೇಳಿದ್ದನ್ನೂ ಬರೆದುಕೊಟ್ಟರು. ನಾನು ಅವರ ಪರವಾಗಿ ಎರಡು ಪತ್ರ ಬರೆದೆ; ಉತ್ತರ ಬರಲಿಲ್ಲ.

ಈಗ ಅವರು ಅದೇ ನಿಲ್ದಾಣದ ಪಾರ್ಸೆಲ್ ಕೋಣೆಯಲ್ಲಿ ಮೂಟೆಗಳಿಗೆ ಊರಿನ ಚೀಟಿ ಅಂಟಿಸುತ್ತಾರೆ.