ಬಿಗಿದು ಕಟ್ಟಿದ ಕೇಬಲ್ಲು

ಗೆಳೆಯರೇ, ಇವತ್ತು ಬೆಳಿಗ್ಗೆ ಅನಗೋಳದ ನಮ್ಮ ಮನೆಯಲ್ಲಿ ಇಂಟರ್ನೆಟ್ ಕೇಬಲ್ಲಿನ ಜೊತೆ ಮಳೆಯೂ ಒಳಗೆ ಬಂತು. ಗೋಡೆಯ ತೂತಿನಿಂದ ಇಳಿದ ನೀರು ಸ್ವಿಚ್ ಬೋರ್ಡಿನ ಮೇಲೆ ತೊಟ್ಟಿಕ್ಕುತ್ತಿತ್ತು. ಮೇನ್ ಆಫ್ ಮಾಡಿ, ಕೇಬಲ್ ಹಾಕಿದ್ದ ಖಾನಾಪುರದ ಪರಶುರಾಮನನ್ನು ಕರೆಸಿದೆ.

ಹೊರಗೋಡೆ ನೋಡಿ ಕೇಳಿದ: "ನಾ ತೂತಿನ ಕೆಳಗ ಕೇಬಲ್ ಜೋತು ಬಿಟ್ಟಿದ್ನಲ್ರಿ, ಎಳದು ಬಿಗಿ ಮಾಡಿದವರು ಯಾರ್ರಿ?"

ನಮ್ಮ ಮಾವನವರು. ಮಚ್ಛೆಯ ಕಾರ್ಖಾನೆಯಲ್ಲಿ ಅಳತೆ ತಪಾಸಣೆ ಮಾಡಿಯೇ ನಿವೃತ್ತರಾದವರು.

"ನಾನ ಕ್ಲಿಪ್ ಹೊಡದೀನಿ. ಹಂಗ ಜೋತಾಡೂದು ಒಂದು ಕೆಲಸ ಏನಪಾ?" ಎಂದರು.

"ಬಿಗಿ ಇದ್ರ ಮಳಿನೀರು ಕೇಬಲ್ ಹಿಡಕೊಂಡು ಸೀದಾ ಒಳಗ ಬರತೈತ್ರಿ, ಕಾಕಾ. ಜೋತು ಬಿಟ್ರ ಕೆಳಗ ಇಳದು ಅಲ್ಲೇ ಬೀಳತೈತಿ, ತೂತಿಗೆ ಏರಂಗಿಲ್ಲ."

ಪರಶುರಾಮ ಕ್ಲಿಪ್ ಕಿತ್ತು ಕೇಬಲ್ ಸಡಿಲಿಸಿದ, ತೂತಿಗೆ ಹೊರಗಿನಿಂದ ಸಿಲಿಕೋನ್ ಅಂಟು ತುಂಬಿದ. ಮಾವನವರು ಒಂದು ಚೊಂಬು ನೀರು ತಂದು ಕೇಬಲ್ ಮೇಲೆ ಸುರಿದರು. ನೀರು ಜೋತುಬಿದ್ದ ಕಡೆಯೇ ನೆಲಕ್ಕೆ ಬಿದ್ದಿತು. "ಖರೇ ಐತಿ," ಎಂದು ಒಳಗೆ ಹೋದರು.

ಸಂಜೆ ನೋಡಿದರೆ ಟಿವಿ, ಕ್ಯಾಮೆರಾಗಳ ವಾಯರುಗಳೂ ಜೋತಾಡುತ್ತಿವೆ. ಮಾವನವರು ಅಳತೆ ಟೇಪು ಹಿಡಿದು ಸ್ಟೂಲಿನ ಮೇಲೆ ನಿಂತಿದ್ದಾರೆ.

"ಜೋತಾಡಬೇಕಂದ್ರ ಜೋತಾಡಲಿ. ಆದ್ರ ಮೂರೂ ಒಂದ ಅಳತಿ ಜೋತಾಡಬೇಕು."