ಮೊದಲ ಇಡ್ಲಿ, ಮೊಟ್ಟೆಯ ಬಿಳಿ

ದೊಡ್ಡಪ್ಪನಿಗೆ ಮೊಟ್ಟೆ ತಿನ್ನಿಸುವ ಕೆಲಸ ನನ್ನ ಪಾಲಿಗೆ ಬಂದದ್ದು ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಗೆದ್ದ ಕಪ್ಪುಗಳಿಂದಾಗಿ. ಅವು ಮುಂಬಯಿಯ ಮಲಾಡಿನ ನಮ್ಮ ಮನೆಯಲ್ಲಿ ಟಿವಿಯ ಮೇಲಿನ ಹಲಗೆಯಲ್ಲಿ ಧೂಳು ತಿನ್ನುತ್ತ ನಿಂತಿದ್ದವು. ಅಮ್ಮ ಅವುಗಳ ಕಡೆ ಕೈ ತೋರಿಸಿ, ಇಷ್ಟು ಜನರ ಬಾಯಿ ಮುಚ್ಚಿಸಿದವಳಿಗೆ ಒಬ್ಬರ ಬಾಯಿ ತೆರೆಸಲು ಆಗುವುದಿಲ್ಲವೇ ಎಂದು ಕೇಳಿದಳು. ಪ್ರಶ್ನೆ ಚೆನ್ನಾಗಿತ್ತು. ನಾನು ಒಪ್ಪಿಕೊಂಡೆ.

ದೊಡ್ಡಪ್ಪ ಎಂದರೆ ಅಪ್ಪನ ಅಣ್ಣ. ಮದುವೆಯಾದವರಲ್ಲ, ನಮ್ಮ ಜೊತೆಗೇ ಇರುವವರು. ಉಡುಪಿಯ ಹತ್ತಿರದ ಊರಿನಿಂದ ಚಿಕ್ಕ ವಯಸ್ಸಿನಲ್ಲಿ ಬಂದು, ಸ್ಟೇಷನ್ನಿನ ಬಳಿಯ ಶಾಕಾಹಾರಿ ಹೋಟೆಲಿನಲ್ಲಿ ಪಾತ್ರೆ ತೊಳೆಯುವುದರಿಂದ ಶುರುಮಾಡಿ ಮುಖ್ಯ ಅಡುಗೆಯವರಾದರು. ಅದೇ ಹೋಟೆಲಿನ ಗಲ್ಲಾದಲ್ಲಿ ಅಪ್ಪ ಕೂರುತ್ತಾರೆ. ಅಲ್ಲಿ ಒಂದು ಪದ್ಧತಿಯಿದೆ. ಬೆಳಗಿನ ಮೊದಲ ಹಬೆಯಿಂದ ಇಳಿದ ಮೊದಲ ಇಡ್ಲಿಯನ್ನು ಬಾಳೆಲೆಯ ಚೂರಿನ ಮೇಲಿಟ್ಟು ಒಲೆಯ ಮೇಲಿನ ಕೃಷ್ಣನ ಪಟದ ಮುಂದೆ ಇಡಬೇಕು. ಅದಾಗದೆ ಶಟರ್ ಮೇಲೇಳುವುದಿಲ್ಲ. ಹೊರಗೆ ಲೋಕಲ್ ರೈಲು ಹಿಡಿಯುವವರು ಎಷ್ಟೇ ಕೂಗಾಡಲಿ, ದೊಡ್ಡಪ್ಪನ ಕೈಯಿಂದ ಆ ಇಡ್ಲಿ ಪಟದ ಮುಂದೆ ಹೋಗುವ ತನಕ ಯಾರಿಗೂ ಚಹಾ ಕೂಡ ಇಲ್ಲ. ಇದನ್ನು ನಾನು ಹೋಟೆಲಿನ ಶಿಸ್ತು ಎಂದು ತಿಳಿದಿದ್ದೆ. ದೇವರ ವಿಷಯದಲ್ಲಿ ನನ್ನ ಅಭಿಪ್ರಾಯ ಮನೆಯಲ್ಲಿ ಎಲ್ಲರಿಗೂ ಗೊತ್ತು, ಯಾರೂ ಕೇಳುವುದಿಲ್ಲ.

ಹಲವು ವರ್ಷಗಳ ಸಕ್ಕರೆ ಕಾಯಿಲೆ ದೊಡ್ಡಪ್ಪನ ಎರಡೂ ಕಿಡ್ನಿಗಳನ್ನು ಮುಗಿಸಿತು. ವಾರಕ್ಕೆ ಮೂರು ಮಧ್ಯಾಹ್ನ ಡಯಾಲಿಸಿಸ್ ಶುರುವಾಯಿತು. ಭಾರದ ಕೆಲಸವನ್ನೆಲ್ಲ ಎರಡನೇ ಅಡುಗೆಯವರಿಗೆ ಬಿಟ್ಟರೂ ಬೆಳಗಿನ ಇಡ್ಲಿಗೆ ಮಾತ್ರ ರಿಕ್ಷಾ ಹಿಡಿದು ಹೋಗುತ್ತಿದ್ದರು. ಮಳೆಗಾಲ ಮುಗಿಯುವ ಹೊತ್ತಿಗೆ ಅದೂ ಕಷ್ಟವಾಯಿತು. ಕಾಲು ಊದಿಕೊಂಡು ಚಪ್ಪಲಿ ಹಿಡಿಯುತ್ತಿರಲಿಲ್ಲ. ಯಂತ್ರಕ್ಕೆ ಕೂರಿಸಿದರೆ ರಕ್ತದೊತ್ತಡ ಕುಸಿದು ಅರ್ಧಕ್ಕೇ ನಿಲ್ಲಿಸಬೇಕಾಗುತ್ತಿತ್ತು. ಆಸ್ಪತ್ರೆಯವರು ಪರೀಕ್ಷೆ ಮಾಡಿ, ರಕ್ತದಲ್ಲಿ ಆಲ್ಬುಮಿನ್ ತೀರಾ ಕಡಿಮೆಯಾಗಿದೆ ಎಂದರು. ಆಲ್ಬುಮಿನ್ ಒಂದು ಪ್ರೋಟೀನ್. ರಕ್ತದ ನೀರನ್ನು ನಾಳಗಳ ಒಳಗೇ ಹಿಡಿದಿಡುವ ಕೆಲಸ ಅದರದ್ದು. ಅದು ಇಳಿದರೆ ನೀರು ಸೋರಿ ಮೈಯಲ್ಲಿ ನಿಲ್ಲುತ್ತದೆ; ಯಂತ್ರ ನೀರನ್ನು ಹೊರತೆಗೆಯುವುದು ರಕ್ತದಿಂದ, ಅಲ್ಲಿ ಅದು ಸಾಕಷ್ಟು ಇರುವುದಿಲ್ಲ. ಹೀಗೇ ಮುಂದುವರಿದರೆ ಡಯಾಲಿಸಿಸ್ಸೇ ಇವರ ಮೈಗೆ ಹಿಡಿಸದು, ಆಮೇಲೆ ನಮ್ಮ ಕೈಯಲ್ಲಿ ಏನೂ ಉಳಿಯುವುದಿಲ್ಲ ಎಂದು ಡಾಕ್ಟರರು ಅಪ್ಪನನ್ನು ಹೊರಗೆ ಕರೆದು ಹೇಳಿದರು. ಅಪ್ಪ ಮನೆಗೆ ಬಂದು ಅದನ್ನು ಎಲ್ಲರ ಮುಂದೆ, ದೊಡ್ಡಪ್ಪನ ಮುಂದೆಯೂ, ಹಾಗೇ ಹೇಳಿದರು.

ಆಸ್ಪತ್ರೆಯಲ್ಲಿ ರೋಗಿಗಳಿಗೆ ಆಹಾರ ಹೇಳಿಕೊಡುವ ಮರಾಠಿ ಹೆಣ್ಣುಮಗಳು ದಿನಾ ಮೊಟ್ಟೆಯ ಬಿಳಿ ತಿನ್ನಬೇಕು ಎಂದಳು. "ಅಂಡಾ ತೊ ಖಾನಾ ಪಡೇಗಾ, ಕಾಕಾ" ಎಂದು ಅವಳು ಹೇಳುವಾಗ ಕಾಕಾ ಗೋಡೆಯ ಮೇಲಿನ ಕೈ ತೊಳೆಯುವ ವಿಧಾನದ ಚಿತ್ರಗಳನ್ನು ನೋಡುತ್ತಿದ್ದರು. ಅವಳೊಂದಿಗೆ ನಾನೇ ಮೊದಲು ವಾದಕ್ಕಿಳಿದೆ. ಆಲ್ಬುಮಿನ್ ಇಳಿಯಲು ಊಟವೊಂದೇ ಕಾರಣವಲ್ಲ, ದೇಹದೊಳಗಿನ ಉರಿಯೂತವೂ ಇರಬಹುದಲ್ಲ ಎಂದೆ. ಇರಬಹುದು, ಉರಿಯೂತಕ್ಕೆ ಡಾಕ್ಟರ್ ಇದ್ದಾರೆ, ಊಟಕ್ಕೆ ನಾನಿದ್ದೇನೆ ಎಂದಳು. ಕಿಡ್ನಿ ರೋಗಿಗಳಿಗೆಂದೇ ಮಾಡಿದ ಪ್ರೋಟೀನ್ ಪುಡಿಯನ್ನು ಮೊದಲೇ ಕೊಟ್ಟು ನೋಡಿದ್ದರು. ಅದು ದೊಡ್ಡಪ್ಪನ ಹೊಟ್ಟೆಯಲ್ಲಿ ನಿಲ್ಲಲಿಲ್ಲ. ಸ್ವಲ್ಪ ಪನೀರ್ ತಿನ್ನಬಹುದು, ಆದರೆ ಬೇಕಾದಷ್ಟು ಪ್ರೋಟೀನ್ ಅದರಿಂದಲೇ ಪಡೆಯಲು ಹೊರಟರೆ ಜೊತೆಗೆ ಕೆಟ್ಟ ಕಿಡ್ನಿ ಹೊರಹಾಕಲಾರದ ರಂಜಕವೂ, ಅಂದರೆ ಫಾಸ್ಫರಸ್ಸೂ, ಏರುತ್ತದೆ. ಉಳಿದದ್ದು ಮೊಟ್ಟೆ.

ದೊಡ್ಡಪ್ಪನ ಕಡೆಯ ವಾದವೂ ಕಡಿಮೆಯದೇನಲ್ಲ. ಡಯಾಲಿಸಿಸ್ ಶುರುವಾಗುವ ತನಕ ಇದೇ ಆಸ್ಪತ್ರೆಯವರು ಪ್ರೋಟೀನ್ ಕಡಿಮೆ ಮಾಡಿ, ಬೇಳೆ ಮುಟ್ಟಬೇಡಿ ಎಂದಿದ್ದರು. ಜೀವನವಿಡೀ ಸಾಂಬಾರು ಕುದಿಸಿದವರು ತಮ್ಮ ತಟ್ಟೆಗೆ ಬೇಳೆಯ ಮೇಲಿನ ತಿಳಿಯನ್ನಷ್ಟೇ ಬಡಿಸಿಕೊಂಡು ಉಂಡಿದ್ದರು. ಈಗ ಅವರೇ ಪ್ರೋಟೀನ್ ತಿನ್ನಿ ಎನ್ನುತ್ತಿದ್ದಾರೆ.

"ಇವರ ಮಾತು ಮುಂಬಯಿ ಲೋಕಲ್ಲಿನ ಹಾಗೆ. ಹತ್ತಿ ಕೂತ ಮೇಲೆ ಪ್ಲಾಟ್‌ಫಾರ್ಮ್ ಬದಲಾಯ್ತು ಅಂತ ಹೇಳ್ತಾರೆ" ಎಂದರು ದೊಡ್ಡಪ್ಪ.

ನಾನು ವಿವರಿಸಿದೆ. ಮೊದಲು ಕಿಡ್ನಿಗೆ ಕಸ ಹೊರಹಾಕಲು ಆಗುತ್ತಿರಲಿಲ್ಲ, ಆದ್ದರಿಂದ ಕಸ ಹುಟ್ಟಿಸುವುದನ್ನೇ ಕಡಿಮೆ ಮಾಡಿದರು. ಈಗ ಕಸ ತೆಗೆಯಲು ಯಂತ್ರವಿದೆ, ಆದರೆ ಅದು ಕಸದ ಜೊತೆ ಪ್ರೋಟೀನಿನ ಸಣ್ಣ ಚೂರುಗಳನ್ನೂ ಒಯ್ಯುತ್ತದೆ. ಸ್ಥಿತಿ ಬದಲಾಯಿತು, ಸಲಹೆಯೂ ಬದಲಾಯಿತು, ಇದರಲ್ಲಿ ವಿರೋಧಾಭಾಸವಿಲ್ಲ. ಅವರು ಒಪ್ಪಿದರು. ಒಪ್ಪಿ ಮೊಟ್ಟೆ ಬೇಡ ಎಂದರು.

ಆ ಭಾನುವಾರ ಊಟದ ಮೇಜಿನಲ್ಲಿ ನನ್ನ ನಿಜವಾದ ವಾದವನ್ನು ಮುಂದಿಟ್ಟೆ. ಅಮ್ಮ ತರಕಾರಿ ಹೆಚ್ಚುವುದನ್ನು ಬಿಟ್ಟು ಕೂತಿದ್ದಳು. ಹೊಟ್ಟೆಗೆ ಹೋದ ಯಾವ ಪ್ರೋಟೀನೂ ಇದ್ದ ಹಾಗೆ ರಕ್ತಕ್ಕೆ ಹೋಗುವುದಿಲ್ಲ ಎಂದೆ. ಹೊಟ್ಟೆ ಅದನ್ನು ಬಿಚ್ಚಿ ಅಮೈನೋ ಆಮ್ಲಗಳೆಂಬ ಮಣಿಗಳನ್ನಾಗಿ ಮಾಡುತ್ತದೆ, ದೇಹ ಆ ಮಣಿಗಳಿಂದ ತನಗೆ ಬೇಕಾದ ಸರ ಪೋಣಿಸಿಕೊಳ್ಳುತ್ತದೆ. ಮಣಿಗೆ ತಾನು ಕೋಳಿಯಿಂದ ಬಂದೆನೋ ತೊಗರಿಯಿಂದ ಬಂದೆನೋ ಗೊತ್ತಿರುವುದಿಲ್ಲ. ಆದ್ದರಿಂದ ರಕ್ತದ ಮಟ್ಟದಲ್ಲಿ ಮೊಟ್ಟೆ ಎಂಬುದೇ ಇಲ್ಲ.

ದೊಡ್ಡಪ್ಪ ಮಜ್ಜಿಗೆಯ ಲೋಟದ ಅಂಚನ್ನು ಬೆರಳಿನಿಂದ ಸವರುತ್ತ ಕೇಳಿದರು. "ಎಲ್ಲ ಒಂದೇ ಮಣಿ ಆದ್ರೆ ತೊಗರಿ ಮಣಿಯೇ ಕೊಡಿ. ಕೋಳಿ ಮಣಿ ಎಂತಕ್ಕೆ?"

ತೊಗರಿಯಲ್ಲಿ ಮಣಿಯ ಜೊತೆ ಪೊಟ್ಯಾಸಿಯಮ್ಮು, ರಂಜಕ ಬರುತ್ತವೆ, ಅವು ನಿಮಗೆ ಆಗುವುದಿಲ್ಲ ಎಂದೆ.

"ಹಾಗಾದ್ರೆ ಎಲ್ಲ ಒಂದೇ ಅಲ್ಲ ಅಂತಾಯ್ತಲ್ಲ, ಲಾಯರಮ್ಮ."

ನಾನು ವಕೀಲೆಯಲ್ಲ, ಪವಾಯಿಯಲ್ಲಿ ಒಂದು ಕಂಪನಿಯ ಕಚೇರಿಯಲ್ಲಿ ಕೆಲಸ. ಆದರೂ ಆ ಅಂಕ ಅವರದ್ದೇ. ಸ್ಪರ್ಧೆಯಾಗಿದ್ದರೆ ತೀರ್ಪುಗಾರರು ಅಲ್ಲಿ ಪೆನ್ನು ಎತ್ತುತ್ತಿದ್ದರು.

ಇಸ್ಪೀಟಿನ ಕೊನೆಯ ಎಲೆಯಂಥ ವಾದವೊಂದು ಇನ್ನೂ ನನ್ನ ಕೈಯಲ್ಲಿತ್ತು. ಅವರು ದಿನಾ ಚುಚ್ಚಿಕೊಳ್ಳುವ ಇನ್ಸುಲಿನ್ ಕೂಡ ಒಂದು ಚಿಕ್ಕ ಪ್ರೋಟೀನೇ. ನುಂಗಿದರೆ ಹೊಟ್ಟೆ ಅದನ್ನೂ ಬಿಚ್ಚಿಹಾಕುತ್ತದೆ ಎಂಬ ಕಾರಣಕ್ಕೇ ಅದನ್ನು ಚುಚ್ಚುವುದು. ಈಗ ಅದನ್ನು ಸೂಕ್ಷ್ಮಜೀವಿಗಳಿಂದ ಮಾಡಿಸುತ್ತಾರೆ, ಹೆಚ್ಚು ಕಡಿಮೆ ಇಡ್ಲಿ ಹಿಟ್ಟು ಹುದುಗುವ ಹಾಗೆ. ಆದರೆ ಹಿಂದೆ ಅದು ಹಂದಿಯ, ದನದ ಮೇದೋಜೀರಕ ಗ್ರಂಥಿಯಿಂದ ಬರುತ್ತಿತ್ತು. ದೊಡ್ಡಪ್ಪ ಚುಚ್ಚಿಕೊಳ್ಳಲು ಶುರುಮಾಡಿದ ಕಾಲದಲ್ಲಿ ಅಂಥ ಸೀಸೆಗಳು ಇನ್ನೂ ಅಂಗಡಿಯಲ್ಲಿದ್ದವು. ನಿಮ್ಮ ಮೈಯಲ್ಲಿ ಹಂದಿಯ ಪ್ರೋಟೀನ್ ಓಡಾಡಿರುವ ಸಾಧ್ಯತೆ ಇದೆ, ಆಗ ಕೆಡದ ಜಾತಿ ಕೋಳಿಯಿಂದ ಕೆಡುತ್ತದೆಯೇ ಎಂದು ಕೇಳಿದೆ.

ಅಮ್ಮ ನನ್ನ ಹೆಸರು ಹಿಡಿದು ಗದರಿದಳು. ದೊಡ್ಡಪ್ಪನಿಗೆ ಸಿಟ್ಟು ಬಂದಂತೆ ಕಾಣಲಿಲ್ಲ. "ಜಾತಿ ಸುದ್ದಿ ನಾನು ತೆಗೆದೆನಾ? ಅದು ಗೊತ್ತಿಲ್ಲದೆ ಹೋದದ್ದು, ಸೂಜಿಯಲ್ಲಿ ಹೋದದ್ದು. ಇದು ಕೈಯಲ್ಲಿ ಹಿಡಿದು ತಿನ್ನುದು" ಎಂದರು. ನನಗೆ ಅದು ವಾದವೆನಿಸಲಿಲ್ಲ. ಕೈಗೂ ಸೂಜಿಗೂ ಯಾವ ವ್ಯತ್ಯಾಸ ಎಂದು ಕೇಳುವಷ್ಟರಲ್ಲಿ ಅವರು ಎದ್ದು, ಫ್ರಿಜ್ಜಿನ ಮೇಲಿದ್ದ ನನ್ನ ಡಬ್ಬಿಯನ್ನು ತಟ್ಟಿ, ಮತ್ತೆ ನೀನು ತಿನ್ನುವುದು ಯಾವ ಕೋಳಿಯದ್ದು ಎಂದು ಕೇಳಿದರು.

ಅದು ಜಿಮ್ಮಿಗೆ ಹೋಗುವವರು ಕುಡಿಯುವ ಪ್ರೋಟೀನ್ ಪುಡಿ. ಹಾಲಿನದ್ದು ಎಂದೆ. ಹಾಲು ಒಡೆಸಿ ಗಟ್ಟಿಯನ್ನು ತೆಗೆದ ಮೇಲೆ ಉಳಿಯುವ ನೀರಿದೆಯಲ್ಲ, ಅದರಲ್ಲಿರುವ ಪ್ರೋಟೀನನ್ನು ಬೇರ್ಪಡಿಸಿ ಒಣಗಿಸಿ ಮಾಡಿದ್ದು.

"ಪನೀರಿನ ನೀರಾ?" ಎಂದು ಕೇಳಿ ಅವರು ನಕ್ಕ ರೀತಿ ನೆನಪಿದೆ. ಕಾಯಿಲೆ ಬಿದ್ದ ಮೇಲೆ ಅಷ್ಟು ಜೋರಾಗಿ ನಕ್ಕದ್ದು ಅದೇ ಮೊದಲು. "ನಾನು ಆಯುಷ್ಯ ಇಡೀ ಮೋರಿಗೆ ಚೆಲ್ಲಿದ್ದನ್ನು ನೀನು ದುಡ್ಡು ಕೊಟ್ಟು ಕುಡಿತಿಯಾ ಮಾರಾಯ್ತಿ?"

ಆ ದಿನದ ಸಭೆ ಅಲ್ಲಿಗೆ ಮುಗಿಯಿತು. ಫಲಿತಾಂಶ ಡ್ರಾ ಎಂದು ನಾನು ಭಾವಿಸಿದ್ದೆ. ದೊಡ್ಡಪ್ಪ ಹಾಗೆ ಭಾವಿಸಿರಲಿಲ್ಲ. ಅವರಿಗೆ ದಾರಿಯೊಂದು ಕಂಡಿತ್ತು. ಹೋಟೆಲಿನಲ್ಲಿ ದಿನಾ ದೊಡ್ಡ ಪಾತ್ರೆಯಲ್ಲಿ ಹಾಲು ಒಡೆಸಿ ಪನೀರ್ ಮಾಡುತ್ತಾರೆ. ಬಟ್ಟೆಯಿಂದ ಇಳಿದ ಹಸಿರು ಛಾಯೆಯ ನೀರು ನೇರ ಮೋರಿಗೆ. ಮರುದಿನದಿಂದ ಅದು ಮೋರಿಗೆ ಹೋಗುವ ಮೊದಲು ದೊಡ್ಡಪ್ಪನ ಲೋಟಕ್ಕೆ ಬಂತು. ಬೆಳಗ್ಗೆ ಇಡ್ಲಿ ಇಟ್ಟಾದ ಮೇಲೆ ಒಂದು ದೊಡ್ಡ ಲೋಟ, ಮನೆಗೆ ಬರುವಾಗ ಬಾಟಲಿಯಲ್ಲಿ ಇನ್ನಷ್ಟು. ಅಡುಗೆಯವರಿಗೆ ಮಾತ್ರ ಹೊಳೆಯಬಹುದಾದ ಉಪಾಯ. ತರ್ಕದಲ್ಲಿ ದೋಷವೂ ಇರಲಿಲ್ಲ: ಡಬ್ಬಿಯಲ್ಲಿರುವುದು ಪ್ರೋಟೀನ್, ಡಬ್ಬಿಯ ಮೂಲ ಈ ನೀರು, ಆದ್ದರಿಂದ ಈ ನೀರಿನಲ್ಲಿ ಪ್ರೋಟೀನ್ ಇದೆ. ಇದೆ, ಬಹಳ ಸ್ವಲ್ಪ. ಉಳಿದದ್ದು ಬಹುಪಾಲು ನೀರು, ಜೊತೆಗೆ ಪೊಟ್ಯಾಸಿಯಮ್. ಮೂತ್ರವೇ ಹೋಗದವರು ದಿನಕ್ಕೆ ಕುಡಿಯುವ ನೀರನ್ನು ಅಳೆದು ಕುಡಿಯಬೇಕು. ಈ ನಿಯಮ ದೊಡ್ಡಪ್ಪನಿಗೆ ಬಾಯಿಪಾಠವಾಗಿತ್ತು. ಆದರೆ ಪನೀರಿನ ನೀರನ್ನು ಅವರು ನೀರಿನ ಲೆಕ್ಕಕ್ಕೆ ಹಿಡಿಯಲಿಲ್ಲ, ಊಟದ ಲೆಕ್ಕಕ್ಕೆ ಹಿಡಿದರು.

ವಾರ ಮುಗಿಯುವ ಮೊದಲೇ ಒಂದು ಮಧ್ಯಾಹ್ನ ಅವರಿಗೆ ಮಲಗಲು ಆಗಲಿಲ್ಲ. ಮಲಗಿದರೆ ಉಸಿರು ಕಟ್ಟುತ್ತಿತ್ತು. ಸೋಫಾದ ತುದಿಯಲ್ಲಿ ಮೊಣಕಾಲಿಗೆ ಕೈಕೊಟ್ಟು ಕೂತು, ಮಾತಿನ ನಡುವೆ ಉಸಿರು ತೆಗೆದುಕೊಳ್ಳುತ್ತ, ಅಮ್ಮನಿಗೆ ಗಾಬರಿ ಬೇಡ ಎನ್ನುತ್ತಿದ್ದರು. ಆಸ್ಪತ್ರೆಯಲ್ಲಿ ಎದೆಯೊಳಗೆ ನೀರು ತುಂಬಿದೆ ಎಂದು ಹೇಳಿ ಆಗಲೇ ಯಂತ್ರಕ್ಕೆ ಹಾಕಿದರು. ಏನು ಕುಡಿದಿರಿ ಎಂದು ಕೇಳಿದಾಗ ದೊಡ್ಡಪ್ಪ ಮುಚ್ಚಿಡದೆ ಹೇಳಿದರು. ಆಹಾರ ಹೇಳಿಕೊಡುವವಳು ನನ್ನ ಕಡೆ ತಿರುಗಿ, ಈ ವಿಚಾರ ಇವರಿಗೆ ಎಲ್ಲಿಂದ ಬಂತು ಎಂದಳು. ನನ್ನಿಂದ ಎಂದೆ, ನಾನು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ ಎಂದೂ ಸೇರಿಸಿದೆ. ಈಗಲೂ ಹಾಗೇ ಹೇಳುತ್ತೇನೆ. ಅವಳು ದೊಡ್ಡಪ್ಪನ ಹಾಸಿಗೆಯ ತಲೆಭಾಗವನ್ನು ಇನ್ನೂ ಸ್ವಲ್ಪ ಏರಿಸಿದಳು.

ಆಸ್ಪತ್ರೆಯಿಂದ ಬಂದ ಮೇಲೆ ಮನೆಯಲ್ಲಿ ಯಾರೂ ಮೊಟ್ಟೆಯ ಮಾತು ಎತ್ತಲಿಲ್ಲ. ನಾನೂ ಹೊಸ ವಾದ ಹುಡುಕಲಿಲ್ಲ, ಹುಡುಕಿದರೆ ಸಿಗುತ್ತಿತ್ತು. ಡಯಾಲಿಸಿಸ್ ಇದ್ದ ಒಂದು ದಿನ, ಮಧ್ಯಾಹ್ನ ಅವರ ಜೊತೆ ಹೋಗುವ ಸರದಿ ನನ್ನದಾದ್ದರಿಂದ ಕಚೇರಿಗೆ ರಜೆ ಹಾಕಿ, ಬೆಳಗ್ಗೆ ಅವರ ಜೊತೆಗೇ ಹೋಟೆಲಿಗೆ ಹೋದೆ. ಶಟರ್ ಇನ್ನೂ ಅರ್ಧಕ್ಕೇ ಇತ್ತು. ಹಬೆಯ ಪಾತ್ರೆಯ ಮುಚ್ಚಳ ತೆಗೆದವರು ಎರಡನೇ ಅಡುಗೆಯವರು. ಬಾಳೆಲೆ ಚೂರಿನ ಮೇಲೆ ಇಡ್ಲಿ ಎತ್ತಿಟ್ಟವರೂ ಅವರೇ. ದೊಡ್ಡಪ್ಪ ಅಡುಗೆಮನೆಯ ಬಾಗಿಲಲ್ಲಿ, ಹೊಸ್ತಿಲಿನ ಈಚೆ, ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತು, ಎಲೆಯ ತುದಿ ಎಡಕ್ಕಿರಲಿ ಎಂದರು. ಆಮೇಲೆ ಶಟರ್ ಮೇಲೇರಿತು. ಗಲ್ಲಾದಲ್ಲಿದ್ದ ಅಪ್ಪ ನಾಲ್ಕು ದಿನದಿಂದ ಹೀಗೇ ಎಂದು ನನಗೆ ಮೆಲ್ಲಗೆ ಹೇಳಿ ಚಿಲ್ಲರೆ ಜೋಡಿಸತೊಡಗಿದರು.

ಮಧ್ಯಾಹ್ನ ಡಯಾಲಿಸಿಸ್ ಕೇಂದ್ರದಲ್ಲಿ ಯಂತ್ರ ಶುರುವಾದ ಮೇಲೆ ದೊಡ್ಡಪ್ಪ ಕ್ಯಾಂಟೀನಿನವನನ್ನು ಕರೆದು ತಾವೇ ಹೇಳಿದರು. ಸ್ಟೀಲಿನ ತಟ್ಟೆಯಲ್ಲಿ ಬೇಯಿಸಿದ ಮೊಟ್ಟೆಯ ಬಿಳಿ ಬಂತು. ಹಳದಿ ತೆಗೆದ ಕಡೆ ಗುಳಿ ಇತ್ತು. ನಾನು ಬಾಯಿ ತೆರೆದೆ. ಇದು ಔಷಧವಿದ್ದ ಹಾಗೆ, ಔಷಧಕ್ಕೆ ದೋಷವಿಲ್ಲ ಎನ್ನುವ ಸಾಲು ನಾಲಿಗೆಯ ತುದಿಯಲ್ಲಿತ್ತು. ಅವರು ಸೂಜಿ ಚುಚ್ಚದ ಕೈಯನ್ನು ಸ್ವಲ್ಪ ಎತ್ತಿ ತಡೆದರು.

"ಮೊಟ್ಟೆ ಮೊಟ್ಟೆ ಅಲ್ಲ ಅಂತ ನೀನು ಇನ್ನು ಸಾಬೀತು ಮಾಡ್ಬೇಡ. ನಂಗೆ ಬದುಕ್ಬೇಕು, ಅದಕ್ಕೆ ಮೊಟ್ಟೆ ಅಂತ ಗೊತ್ತಿದ್ದೇ ತಿಂತೇನೆ. ಆದ್ರೆ ತಿನ್ನುದು ಅಂತ ಗಟ್ಟಿ ಮಾಡಿದ ದಿನವೇ ಆ ಇಡ್ಲಿ ಇಡುದು ಬಿಟ್ಟೆ, ತಿನ್ನುವ ಕೈಯಲ್ಲಿ ಅದನ್ನು ಇಡುದಿಲ್ಲ. ಅದೂ ಬೇಕು ಇದೂ ಬೇಕು ಅಂದ್ರೆ ಕಳ್ಳತನ ಆಗ್ತದೆ."

ಕೈಗೂ ಸೂಜಿಗೂ ಏನು ವ್ಯತ್ಯಾಸ ಎಂದು ನಾನು ಅವತ್ತು ಕೇಳದೆ ಬಿಟ್ಟ ಪ್ರಶ್ನೆಗೆ ಇದು ಉತ್ತರ. ಒಪ್ಪುವಂಥದ್ದಲ್ಲ. ಆದರೆ ಅದರೊಳಗೆ ಒಂದು ಮಾತು ಇನ್ನೊಂದನ್ನು ಕಡಿಯುತ್ತಿರಲಿಲ್ಲ. ಹಾಗಾಗಿ ನನಗೆ ಹಿಡಿದು ಎಳೆಯಲು ತುದಿ ಸಿಗಲಿಲ್ಲ.

ಅವರು ಒಂದು ಚೂರು ಮುರಿದು ಬಾಯಿಗೆ ಹಾಕಿಕೊಂಡು, ಸಾಂಬಾರಿನ ಹದ ನೋಡುವಾಗ ಮಾಡುವ ಹಾಗೆ ಕಣ್ಣು ಸಣ್ಣಗೆ ಮಾಡಿ ಅಗಿದರು. ನುಂಗಲು ತುಸು ಹೊತ್ತು ಹಿಡಿಯಿತು.

"ಜಾಸ್ತಿ ಬೇಯಿಸಿದ್ದಾನೆ" ಎಂದರು. "ರಬ್ಬರ್ ಆಗಿದೆ."

ಜನ್ಮದಲ್ಲಿ ಮೊಟ್ಟೆ ತಿನ್ನದವರಿಗೆ ಅದು ಹೇಗೆ ಗೊತ್ತಾಯಿತು ಎಂದು ಕೇಳಿದೆ. ಬೆಂದದ್ದು ಗೊತ್ತಾಗಲು ತಿಂದಿರಬೇಕಾಗಿಲ್ಲ ಎಂದರು. ಬಿಸಿ ಹೆಚ್ಚಾದರೆ ಪ್ರೋಟೀನಿನ ಎಳೆಗಳು ಒಂದಕ್ಕೊಂದು ಬಿಗಿಯಾಗಿ ಹೆಣೆದುಕೊಂಡು ನೀರನ್ನು ಹಿಂಡಿ ಹೊರಹಾಕುತ್ತವೆ, ಅದಕ್ಕೇ ಹಾಗೆ ಎಂದು ನಾನು ಹೇಳಿದೆ. ಪನೀರೂ ಹಾಗೇ ಎಂದು ಅವರು ತಲೆಯಾಡಿಸಿದರು. ಮುಂದಿನ ಸಲ ಒಲೆಯಿಂದ ಬೇಗ ಇಳಿಸಬೇಕೆಂದು ಕ್ಯಾಂಟೀನಿನವನಿಗೆ ಹಿಂದಿಯಲ್ಲಿ ಹೇಳಿಕೊಟ್ಟರು.

ಕೆಲವು ತಿಂಗಳಲ್ಲಿ ಆಲ್ಬುಮಿನ್ ಸ್ವಲ್ಪ ಏರಿತು. ಮೊಟ್ಟೆಯಿಂದಲೇ ಏರಿತು ಎಂದು ನಾನು ಹೇಳುವುದಿಲ್ಲ. ಅದೇ ಹೊತ್ತಿಗೆ ಕಾಲಿನ ಒಂದು ಹಳೆಯ ಹುಣ್ಣೂ ವಾಸಿಯಾಗಿ ಉರಿಯೂತ ಇಳಿದಿತ್ತು, ಎರಡರಲ್ಲಿ ಯಾವುದು ಎಷ್ಟು ಎಂದು ಬೇರ್ಪಡಿಸಲು ಬರುವುದಿಲ್ಲ. ಊತ ಇಳಿಯಿತು. ಯಂತ್ರವನ್ನು ನಡುವೆ ನಿಲ್ಲಿಸುವುದು ತಪ್ಪಿತು. ಚಪ್ಪಲಿ ಕಾಲಿಗೆ ಹಿಡಿಯಿತು. ದೊಡ್ಡಪ್ಪ ಈಗಲೂ ಬೆಳಗ್ಗೆ ಹೋಟೆಲಿಗೆ ಹೋಗುತ್ತಾರೆ. ಶಟರ್ ಏರಿದ ಮೇಲೆ ಅಡುಗೆಮನೆಯ ಒಳಗೆ ಹೋಗಿ ಸಾಂಬಾರಿನ ಹದ ನೋಡುತ್ತಾರೆ, ಹುಡುಗರನ್ನು ಬೈಯುತ್ತಾರೆ. ಅದಕ್ಕೆ ಮೊದಲು ಹೊಸ್ತಿಲಿನ ಈಚೆಯೇ ನಿಂತಿರುತ್ತಾರೆ, ಕೈ ಬೆನ್ನ ಹಿಂದೆ.