ಒಬ್ಬನೇ ಓದುಗನ ಕಪಾಟು

ಇದು ನಾನು ಹೇಳುತ್ತಿರುವ ಹಾಗೆಯೇ ನಡೆಯಿತು ಎಂದು ಪ್ರಮಾಣ ಮಾಡಲಾರೆ. ಆ ಸಭೆಯಲ್ಲಿ ನಾನು ಮೇಜು ಕುಟ್ಟಿ ಮಾತಾಡಿದೆ ಎಂದು ನನ್ನ ನೆನಪು. ಅದೇ ಸಭೆಯಲ್ಲಿದ್ದ ಇನ್ನೊಬ್ಬರು, ನಾನು ಕೊನೆಯವರೆಗೂ ಬಾಯಿ ಬಿಡದೆ ಕನ್ನಡಕ ಒರೆಸುತ್ತ ಕೂತಿದ್ದೆ ಎಂದು ಮುಂದೊಮ್ಮೆ ನಗುತ್ತ ಹೇಳಿದರು. ಬೇಸಿಗೆಯಿತ್ತು ಎಂದು ನೆನಪು, ಏಕೆಂದರೆ ಕಿಟಕಿಗೆ ಕಟ್ಟಿದ್ದ ಲಾವಂಚದ ತಟ್ಟಿಯ ಒದ್ದೆ ವಾಸನೆ ಮೂಗಿನಲ್ಲಿದೆ. ಆದರೆ ನಾಗಪುರದ ಯಾವ ನೆನಪನ್ನು ತೆಗೆದರೂ ನನಗೆ ಅದೇ ವಾಸನೆ ಬರುತ್ತದೆ. ಅದನ್ನು ಸಾಕ್ಷಿ ಎನ್ನಲಾಗದು. ನಾನು ಕಾಲೇಜಿನಲ್ಲಿ ಕಲಿಸುತ್ತಿದ್ದದ್ದು ತರ್ಕಶಾಸ್ತ್ರ. ಯಾವುದನ್ನು ಸಾಕ್ಷಿ ಎನ್ನಬಹುದು, ಯಾವುದನ್ನು ಎನ್ನಬಾರದು ಎಂದು ವರ್ಷಗಟ್ಟಲೆ ಪಾಠ ಹೇಳಿದವನು ಕೊನೆಗೆ ತನ್ನ ತಲೆಯನ್ನೂ ಪೂರ್ತಿ ನಂಬುವುದಿಲ್ಲ.

ಐವತ್ತರ ದಶಕದ ಕೊನೆಯ ಭಾಗ ಎನ್ನುವುದರಲ್ಲಿ ಸಂಶಯವಿಲ್ಲ. ನಾಗಪುರದ ರಾಜಧಾನಿ ಪಟ್ಟ ಹೋಗಿತ್ತು. ಕಚೇರಿಗಳು ಗಂಟು ಕಟ್ಟಿಕೊಂಡು ಬೇರೆ ಊರುಗಳಿಗೆ ಹೊರಟಿದ್ದವು. ಊರಿನ ದೊಡ್ಡ ಮನುಷ್ಯರಿಗೆ ಆಳುವುದಕ್ಕೆ ಉಳಿದದ್ದು ಇಂಥ ಸಣ್ಣ ಸಂಸ್ಥೆಗಳೇ, ಹಾಗಾಗಿ ಅವನ್ನು ಬಹಳ ಗಂಭೀರವಾಗಿ ಆಳುತ್ತಿದ್ದರು. ಸೀತಾಬರ್ಡಿಯ ಕಡೆಯಿದ್ದ ನಮ್ಮ ಸಾರ್ವಜನಿಕ ಗ್ರಂಥಾಲಯದ ಆಡಳಿತ ಮಂಡಳಿಯೂ ಹಾಗೆಯೇ. ಅಧ್ಯಕ್ಷರು ಹಿರಿಯ ವಕೀಲರು. ಕಾರ್ಯದರ್ಶಿ ನಿವೃತ್ತ ಹೆಡ್‌ಮಾಸ್ಟರು. ಹೆಚ್ಚು ಮಾತಾಡುತ್ತಿದ್ದವರು ಗಾಂಧಿಬಾಗಿನ ಒಬ್ಬ ಬಟ್ಟೆ ವ್ಯಾಪಾರಿ. ನಾನು ಎಲ್ಲರಿಗಿಂತ ಕಿರಿಯ. ನಾನು ಅಲ್ಲಿದ್ದದ್ದು ಯಾರ ಕೃಪೆಯಿಂದಲೂ ಅಲ್ಲ, ಚುನಾವಣೆ ಗೆದ್ದು. ಮಂಡಳಿಯನ್ನು ಗ್ರಂಥಾಲಯದ ಸದಸ್ಯರು ಆರಿಸಬೇಕಾಗಿದ್ದರಿಂದ ನಾನು ಅಜನಿಯ ರೈಲ್ವೆ ಕಾಲನಿಯಲ್ಲಿ ಮನೆಮನೆಗೆ ಹೋಗಿ ಕನ್ನಡದ ಗಂಡಸರನ್ನೆಲ್ಲ ಸದಸ್ಯರನ್ನಾಗಿ ಮಾಡಿಸಿದ್ದೆ. ಗಾರ್ಡುಗಳು, ಫಿಟ್ಟರುಗಳು, ಬುಕಿಂಗ್ ಗುಮಾಸ್ತರು. ಅವರು ಬಂದು ನನಗೆ ವೋಟು ಹಾಕಿದರು, ಕಾರ್ಡನ್ನು ಟ್ರಂಕಿನಲ್ಲಿಟ್ಟರು, ಮತ್ತೆ ಆ ಕಡೆ ತಲೆ ಹಾಕಲಿಲ್ಲ.

ಅಲ್ಲಿ ಕನ್ನಡದ ಒಂದು ಕಪಾಟಿತ್ತು. ಹಿಂದೆ ಯಾರೋ ಅಧಿಕಾರಿ ವರ್ಗವಾಗಿ ಹೋಗುವಾಗ ಕೊಟ್ಟು ಹೋದ ಪುಸ್ತಕಗಳ ಜೊತೆ ಆಮೇಲೆ ಕೊಂಡ ಕೆಲವು ಸೇರಿದ್ದವು. ಅದರ ಬಗ್ಗೆ ನನಗೆ ದೊಡ್ಡ ಮೋಹವಿರಲಿಲ್ಲ. ನಾನಾಗ ಇಂಗ್ಲಿಷ್ ಓದುವ ಅಹಂಕಾರದಲ್ಲಿದ್ದೆ. ಆ ಕಪಾಟು ಬೇಕಾಗಿದ್ದದ್ದು ನಮ್ಮ ವೈನಿಗೆ, ಅಂದರೆ ನನ್ನ ಅಣ್ಣನ ಹೆಂಡತಿಗೆ. ಅಣ್ಣ ರೈಲ್ವೆಯಲ್ಲಿದ್ದ; ನಾನು ಆ ಕಾಲನಿಯ ಅವರ ಮನೆಯಲ್ಲೇ ಇದ್ದೆ. ವೈನಿ ಧಾರವಾಡದಲ್ಲಿ ಏಳನೆಯ ತರಗತಿಯ ಮುಲ್ಕಿ ಪರೀಕ್ಷೆ ಪಾಸಾದವರು. ಮದುವೆಯಾಗಿ ಬಂದ ಮೇಲೆ ಕಿವಿಗೆ ಬೀಳುವುದೆಲ್ಲ ಮರಾಠಿ, ಹಿಂದಿ. ಆಡುವಷ್ಟು ಕಲಿತಿದ್ದರು, ಓದಲು ಮನಸ್ಸು ಬಗ್ಗಿರಲಿಲ್ಲ. ಕನ್ನಡ ಅಕ್ಷರ ಕಣ್ಣಿಗೆ ಬೀಳದಿದ್ದರೆ ಎರಡೇ ದಿನದಲ್ಲಿ ಮನೆಯ ಎಲ್ಲರ ಮೇಲೂ ರೇಗುತ್ತಿದ್ದರು. ಊರಿಂದ ಚಕ್ಕುಲಿ ಕಟ್ಟಿ ಬಂದ ಪತ್ರಿಕೆಯ ಚೂರನ್ನು, ಎಣ್ಣೆ ಹತ್ತಿದ್ದರೂ, ಒಲೆಯ ಪಕ್ಕ ಬಿಚ್ಚಿಟ್ಟುಕೊಂಡು ಓದುವುದನ್ನು ನೋಡಿದ್ದೇನೆ.

ಕಾಲನಿಯಲ್ಲಿ ಒಂದು ಪದ್ಧತಿ ಬೆಳೆದಿತ್ತು. ಅಣ್ಣ ತನ್ನ ಕಾರ್ಡಿನ ಮೇಲೆ ಒಂದು ಪುಸ್ತಕ ತರುತ್ತಿದ್ದ. ಮೊದಲು ವೈನಿ, ಆಮೇಲೆ ಪಕ್ಕದ ಗಾರ್ಡ್ ಸಾಹೇಬರ ಹೆಂಡತಿ, ಆಮೇಲೆ ಎದುರು ಸಾಲು, ಹೀಗೆ ಕನ್ನಡದ ಎಲ್ಲ ಮನೆಗಳನ್ನು ಸುತ್ತಿ ಅದು ವಾಪಸು ಬರುತ್ತಿತ್ತು. ಮಧ್ಯಾಹ್ನ ಅಕ್ಕಿ ಆರಿಸುವಾಗ ಒಬ್ಬರು ಗಟ್ಟಿಯಾಗಿ ಓದಿ ಉಳಿದವರು ಕೇಳುವುದೂ ಇತ್ತು. ಅವಧಿ ಮುಗಿದರೆ ಅಣ್ಣ ಹೋಗಿ ಮತ್ತೆ ಮುದ್ರೆ ಹಾಕಿಸಿಕೊಂಡು ಬರುತ್ತಿದ್ದ. ಕೈಯಿಂದ ಕೈಗೆ ಹೋಗುವ ವಸ್ತುವಿಗೆ ಮನೆಗೊಂದು ಕಾರ್ಡು ತೋರಿಸಬೇಕೆಂದು ಯಾರಿಗೂ ಹೊಳೆದಿರಲಿಲ್ಲ. ಮೊಸರಿಗೆ ಹೆಪ್ಪು ಕೊಟ್ಟಂತೆ ಪುಸ್ತಕ ಕೊಡುತ್ತಿದ್ದರು.

ಇದರ ಫಲ ಮಂಡಳಿಯ ಸಭೆಯಲ್ಲಿ ಗೊತ್ತಾಯಿತು. ವ್ಯಾಪಾರಿ ತಮ್ಮ ತೀರಿಹೋದ ತಂದೆಯ ಪುಸ್ತಕಗಳನ್ನು ದಾನ ಕೊಡುವವರಿದ್ದರು. ತಂದೆಯ ಹೆಸರಿನ ಹಿತ್ತಾಳೆ ಫಲಕವೂ ತಯಾರಾಗಿತ್ತು. ಒಂದು ಕಪಾಟು ಬೇಕು. ಕಾರ್ಯದರ್ಶಿಗಳು ಕನ್ನಡದ ಕಪಾಟನ್ನು ಖಾಲಿ ಮಾಡೋಣ, ಪುಸ್ತಕಗಳನ್ನು ಚೀಲಕ್ಕೆ ತುಂಬಿ ಮೆಟ್ಟಿಲ ಕೆಳಗಿನ ಕೋಣೆಯಲ್ಲಿಡೋಣ ಎಂದರು. ಮಾತೆಲ್ಲ ಮರಾಠಿಯಲ್ಲಿ; ಇಲ್ಲಿ ಕನ್ನಡ ಮಾಡಿದ್ದೇನೆ.

"ಓದುವವರು ಇದ್ದಾರೆ," ಎಂದೆ.

"ಇದ್ದಾರೆ. ಒಬ್ಬರು," ಎಂದರು ಕಾರ್ಯದರ್ಶಿ. "ನಿಮ್ಮ ಅಣ್ಣ."

ವ್ಯಾಪಾರಿ ಮೀಸೆಯಲ್ಲಿ ನಕ್ಕರು. "ಪ್ರೊಫೆಸರ್, ನಿಮ್ಮ ಮನೆಗೆ ಒಂದು ಕಪಾಟು ಬೇಕಿದ್ದರೆ ನಮ್ಮ ಬಡಗಿಗೆ ಹೇಳುತ್ತೇನೆ. ಊರಿನದ್ದು ಯಾಕೆ?"

ಮೇಜು ಕುಟ್ಟಿದ್ದರೆ ಆಗಲೇ ಕುಟ್ಟಿರಬೇಕು. ಓದುಗ ಒಬ್ಬನೇ ಎಂಬ ಮಾತಿಗೆ ನನ್ನ ತಕರಾರು ಇಂದಿಗೂ ಇದೆ. ಮುದ್ರೆ ಬಿದ್ದದ್ದು ಮಾತ್ರ ಓದು, ಮುದ್ರೆಯಿಲ್ಲದ್ದು ಓದಲ್ಲ ಎಂದು ಯಾವ ತರ್ಕ ಹೇಳುತ್ತದೆ? ಅವರ ತಂದೆಯ ಪುಸ್ತಕಗಳನ್ನು ನಾನು ನೋಡಿದ್ದೆ, ಅಂಚು ಕೂಡಿಕೊಂಡಿದ್ದ ಹಾಳೆಗಳನ್ನು ಓದಲೆಂದು ಯಾರೂ ಇನ್ನೂ ಕತ್ತರಿಸಿರಲಿಲ್ಲ. ಇದನ್ನು ಅಲ್ಲೇ ಹೇಳಿದೆನೋ ಮನೆಗೆ ನಡೆಯುವ ದಾರಿಯಲ್ಲಿ ನನಗೆ ನಾನೇ ಹೇಳಿಕೊಂಡೆನೋ, ಗೊತ್ತಿಲ್ಲ. ಮುಂದಿನ ಸಭೆಯ ದಿನ ಕಪಾಟು ನೋಡುವುದು ಎಂದು ತೀರ್ಮಾನವಾಯಿತು. ಅಲ್ಲಿಯ ರೂಢಿಯದು: ಯಾವುದನ್ನು ತೆಗೆಯಬೇಕಾದರೂ ಮಂಡಳಿಯವರೆಲ್ಲ ಕಪಾಟಿನ ಮುಂದೆ ನಿಂತು ಒಂದೊಂದೇ ಪುಸ್ತಕವನ್ನು ಕೈಯಲ್ಲಿ ಹಿಡಿದು ನೋಡಿ ಒಪ್ಪಿಗೆ ಹೇಳಬೇಕು.

ಮನೆಗೆ ಬಂದಾಗ ವೈನಿ ತಾಟು ಹಾಕುತ್ತಿದ್ದರು. "ಏನಾತ್ರಿ ಪ್ರೊಫೆಸರ್ ಸಾಹೇಬ್ರ? ಮಾರಿ ಸಣ್ಣದಾಗೇತಿ."

"ಕನ್ನಡ ಕಪಾಟ ತಗೀತಾರಂತ. ಪುಸ್ತಕ ಚೀಲದಾಗ ತುಂಬಿ ಮೆಟ್ಟಲ ಕೆಳಗ ಇಡ್ತಾರಂತ."

"ಅಲ್ಲೆ ಗೆದ್ದಲ ಅದಾವಲ್ಲ."

"ಅದನ್ನ ಓದಾಂವ ಒಬ್ಬನ ಅಂತ. ಅದೂ ಅಣ್ಣ ಅಂತ."

ಅಣ್ಣ ತುತ್ತು ಕೆಳಗಿಟ್ಟ. "ನಾನ? ನಾ ಟೈಮ್‌ಟೇಬಲ್ ಬಿಟ್ಟು ಏನೂ ಓದಿದಾಂವ ಅಲ್ಲೋ."

ವೈನಿ ಕೈಯಲ್ಲಿದ್ದ ಸೌಟನ್ನು ಸಾರಿನೊಳಗೇ ಬಿಟ್ಟು ಕೂತರು. "ಹಂಗಾದ್ರ ನಾ ಏನ್ ಓದ್ಲಿ?" ಎಂದರು. ಬಹಳ ಮೆತ್ತಗೆ ಕೇಳಿದರು. ಅವರ ಅಷ್ಟು ಮೆತ್ತಗಿನ ದನಿ ನಾನು ಅದಕ್ಕೆ ಮುಂಚೆ ಕೇಳಿರಲಿಲ್ಲ.

ಎಲ್ಲ ಮನೆಯವರ ಸಹಿ ಹಾಕಿಸಿ ಒಂದು ಅರ್ಜಿ ಬರೆಯುತ್ತೇನೆ ಎಂದೆ.

"ಬರಿ. ಅದನ್ನೂ ಆ ಚೀಲಕ್ಕ ತುಂಬತಾರ," ಎಂದರು. ಸೌಟನ್ನು ಮತ್ತೆ ಕೈಗೆತ್ತಿಕೊಂಡು, "ನಿನ್ನ ಇಲೆಕ್ಷನ್ನಿಗೆ ಅಷ್ಟ ಮಂದಿಗೆ ಕಾರ್ಡ ಮಾಡಿಸಿದ್ಯಲ್ಲ, ಅವೆಲ್ಲಾ ಎಲ್ಲೆ ಅದಾವ?"

"ಅವರವರ ಟ್ರಂಕಿನ್ಯಾಗ."

"ಒಂದು ಕಾರ್ಡಿಗೆ ಎಷ್ಟ ಪುಸ್ತಕ ಕೊಡ್ತಾರ?"

"ಎರಡು."

"ಬರೋಬರ್ ಆತು ಬಿಡು. ಊಟಾ ಮಾಡ."

ಮುಂದಿನ ದಿನಗಳಲ್ಲಿ ಕಾಲನಿಯ ಹೆಂಗಸರು, ಮಧ್ಯಾಹ್ನದ ಕೆಲಸ ಮುಗಿಸಿ, ಟ್ರಂಕಿನಿಂದ ಗಂಡಂದಿರ ಕಾರ್ಡು ತೆಗೆದುಕೊಂಡು, ಇಬ್ಬಿಬ್ಬರಾಗಿ ಸೀತಾಬರ್ಡಿಗೆ ಹೊರಟರು. ಮನೆಯವರ ಪರವಾಗಿ ಯಾರು ಬಂದರೂ ಪುಸ್ತಕ ಸಿಗುತ್ತಿತ್ತು, ಆದರೆ ಅಲ್ಲಿಯವರೆಗೆ ಅವರಲ್ಲಿ ಒಬ್ಬರೂ ಆ ಬಾಗಿಲು ದಾಟಿದವರಲ್ಲ. ಪತ್ರಿಕೆಯ ಮೇಜಿನ ಗಂಡಸರು ಪತ್ರಿಕೆ ಇಳಿಸಿ ನೋಡಿದರಂತೆ. ಗಾರ್ಡ್ ಸಾಹೇಬರ ಹೆಂಡತಿ ಅವರಲ್ಲೊಬ್ಬನಿಗೆ, "ಯಾಕ್ರಿ ಅಣ್ಣಾರ, ಪೇಪರಿನ್ಯಾಗ ಸುದ್ದಿ ಮುಗದಾವೇನು?" ಎಂದು ಕನ್ನಡದಲ್ಲೇ ಕೇಳಿದರಂತೆ. ಅವನಿಗೆ ಭಾಷೆ ತಿಳಿಯಲಿಲ್ಲ, ಅರ್ಥ ತಿಳಿಯಿತು.

ಸಭೆಯ ದಿನ ಬಂತು. ಮಂಡಳಿಯವರೆಲ್ಲ ಕಪಾಟಿನ ಮುಂದೆ ಸಾಲಾಗಿ ನಿಂತೆವು. ಕಾರ್ಯದರ್ಶಿಗಳು ಬೀಗ ತೆಗೆದರು. ಒಳಗೆ ಹಲಗೆಗಳ ಮೇಲೆ ಹಾಸಿದ್ದ ಹಳೆಯ ಪತ್ರಿಕೆ, ಹುಳ ಬಾರದಂತೆ ಇಟ್ಟ ಡಾಂಬರ ಗುಳಿಗೆ, ಅಷ್ಟೇ.

"ಪುಸ್ತಕ ಎಲ್ಲಿ?" ಎಂದರು ಅಧ್ಯಕ್ಷರು.

"ಹೊರಗೆ ಹೋಗಿವೆ ಸಾಹೇಬ್," ಎಂದರು ಗ್ರಂಥಪಾಲರು.

"ಯಾವುವು?"

"ಎಲ್ಲವೂ."

ನನಗೆ ಒಳಗೊಳಗೇ ಗೆದ್ದೆವೆನಿಸಿತು. ಆದರೆ ವ್ಯಾಪಾರಿ ನನಗಿಂತ ಚುರುಕು. ಅವರು ಕಪಾಟಿನೊಳಗೆ ಕೈಯಾಡಿಸಿ ಧೂಳು ನೋಡಿಕೊಂಡರು. "ಒಳ್ಳೆಯದೇ ಆಯಿತು. ಖಾಲಿ ಮಾಡುವ ತೊಂದರೆ ಉಳಿಯಿತು. ನಾಳೆಯೇ ತಂದೆಯವರ ಪುಸ್ತಕ ಕಳಿಸುತ್ತೇನೆ. ಇವು ವಾಪಸು ಬಂದಹಾಗೆಲ್ಲ ಚೀಲಕ್ಕೆ ಹಾಕಿದರಾಯಿತು." ಅಧ್ಯಕ್ಷರು ತಲೆಯಾಡಿಸಿದರು. ಖಾಲಿ ಕಪಾಟನ್ನು ಅವರ ಕೈಗೆ ನಾವೇ ಕೊಟ್ಟಂತಾಗಿತ್ತು.

ಆಗ ಪತ್ರಿಕೆಯ ಮೇಜಿನ ಕಡೆಯಿಂದ ವೈನಿ ಬಂದರು. ಅವರು ಅಲ್ಲಿದ್ದದ್ದು ನನಗೆ ಗೊತ್ತಿರಲಿಲ್ಲ. ಸೆರಗು ಹೊದ್ದು, ಹಿಂದಿಯನ್ನೂ ಮರಾಠಿಯನ್ನೂ ಧಾರವಾಡದ ಧಾಟಿಯಲ್ಲಿ ಕಲಸಿ ಅಧ್ಯಕ್ಷರಿಗೇ ಹೇಳಿದರು:

"ಹಂಗ ಬರೂದಿಲ್ರಿ. ಹೊರಗ ಹೋದ ಪುಸ್ತಕದ ಜಾಗಾ ಬ್ಯಾರೆಯವರಿಗೆ ಕೊಡೋ ಹಂಗಿಲ್ಲ. ನಿಮ್ಮ ನಿಯಮದಾಗ ಐತಿ."

"ಯಾವ ನಿಯಮ, ತಾಯಿ?"

"ನಂಬರ ನನಗೇನ ಗೊತ್ತ್ರಿ. ನಮ್ಮ ಮೈದುನ ಹೇಳಿದ್ದು. ಅಂವಾ ನಿಮ್ಮ ಪೈಕಿನ ಅದಾನಲ್ಲ, ಕೇಳ್ರಿ."

ಎಲ್ಲರೂ ನನ್ನ ಕಡೆ ತಿರುಗಿದರು. ಇಲ್ಲಿಂದ ನನ್ನ ನೆನಪು ಕೈಕೊಡುತ್ತದೆ. ಹೌದೆಂದೆನೋ, ಬರೀ ತಲೆಯಾಡಿಸಿದೆನೋ, ಕನ್ನಡಕ ತೆಗೆದು ಒರೆಸತೊಡಗಿದೆನೋ. ಅಧ್ಯಕ್ಷರು ಮಾತ್ರ ನನ್ನ ಉತ್ತರಕ್ಕೆ ಕಾಯಲಿಲ್ಲ, ಅದು ನೆನಪಿದೆ. ಕಾರ್ಯದರ್ಶಿಗಳನ್ನು ಕೇಳಿದರು: "ಇದೆಯಾ?"

"ಇರಬೇಕು ಸಾಹೇಬ್. ನಿಯಮ ಬರೆಸಿದ್ದು ನೀವೇ ಅಲ್ಲವೇ?"

ವಕೀಲರು ಒಂದು ಕ್ಷಣ ಮಾಡಿನ ಕಡೆ ನೋಡಿದರು. "ಇದೆ," ಎಂದರು. "ಬರೋಬರ್. ಕಪಾಟಿಗೆ ಬೀಗ ಹಾಕಿ."

ವ್ಯಾಪಾರಿ ಸಿಟ್ಟಿನಲ್ಲಿ ತಮ್ಮದೇ ಖರ್ಚಿನಲ್ಲಿ ಸಾಗುವಾನಿಯ ಕಪಾಟು ಮಾಡಿಸಿ ಫಲಕ ಹೊಡೆಸಿದರು. ಅದು ನಮ್ಮದಕ್ಕಿಂತ ಚೆನ್ನಾಗಿತ್ತು. ಇರಲಿ. ಕನ್ನಡದ ಕಪಾಟು ಇದ್ದಲ್ಲೇ ಇತ್ತು. ಅಂದಿನಿಂದ ಹೆಂಗಸರು ಪುಸ್ತಕವನ್ನು ಗೋಡೆಯಾಚೆ ದಾಟಿಸುವುದು ಬಿಟ್ಟರು. ಒಬ್ಬರು ಹಿಂತಿರುಗಿಸಿದ್ದನ್ನು ಇನ್ನೊಬ್ಬರು ಅಲ್ಲೇ ನಿಂತು ತಮ್ಮ ಕಾರ್ಡಿಗೆ ಮುದ್ರೆ ಹಾಕಿಸಿಕೊಂಡು ತರತೊಡಗಿದರು. ಅಷ್ಟು ದೂರ, ಆ ಬಿಸಿಲಲ್ಲಿ. ಓದುತ್ತೇವೆ ಎಂಬುದನ್ನು ಓದುವವರೇ ಹೀಗೆ ನಡೆದು ಸಾಬೀತು ಮಾಡಬೇಕಾದದ್ದು ನನಗೆ ಇವತ್ತೂ ಸಿಟ್ಟು ತರಿಸುತ್ತದೆ. ವೈನಿಗೆ ಸಿಟ್ಟಿರಲಿಲ್ಲ. ದಾರಿಯಲ್ಲಿ ಕಿತ್ತಳೆ ಅಗ್ಗ ಸಿಗುತ್ತದೆ ಎನ್ನುತ್ತಿದ್ದರು.

ಕಾಲನಿಯಲ್ಲಿ ಆ ಗೆಲುವು ನನ್ನ ಹೆಸರಿಗೆ ಬಿತ್ತು. ಕಾನೂನು ತಿಳಿದ ಹುಡುಗ, ಒಂದೇ ನಿಯಮದಿಂದ ವಕೀಲರ ಬಾಯಿ ಮುಚ್ಚಿಸಿದ ಎಂದು ಅಣ್ಣ ಕಡೆಯವರೆಗೂ ಬಂದವರಿಗೆಲ್ಲ ಹೇಳಿದ. ನಾನು ಆ ನಿಯಮವನ್ನು ವೈನಿಗೆ ಯಾವಾಗ ಹೇಳಿದ್ದೆ ಎಂದು ಎಷ್ಟು ಕೆದಕಿದರೂ ನೆನಪಾಗಲಿಲ್ಲ. ಅವರನ್ನೇ ಕೇಳಿದರೆ, "ನೀ ದಿನಾ ಏನರೆ ಒಂದು ಹೇಳಾಂವ. ಯಾವುದಂತ ನೆನಪ ಇಟ್ಟಗೊಳ್ಳಿ?" ಎನ್ನುತ್ತಿದ್ದರು.

ವೈನಿ ತೀರಿಹೋದ ಮೇಲೆ ಒಮ್ಮೆ ನಾಗಪುರಕ್ಕೆ ಹೋದಾಗ ಆ ಗ್ರಂಥಾಲಯದಲ್ಲಿ ಅಂದಿನ ಅಚ್ಚಾದ ನಿಯಮಾವಳಿಯನ್ನು ಕೇಳಿ ತೆಗೆಸಿದೆ. ಮಂಡಳಿಯಲ್ಲಿದ್ದಷ್ಟು ಕಾಲ ನಾನದನ್ನು ತೆರೆದೇ ಇರಲಿಲ್ಲ, ಉಳಿದವರೂ ತೆರೆದಿರಲಿಕ್ಕಿಲ್ಲ. ಮೊದಲ ಪುಟದಿಂದ ಕೊನೆಯವರೆಗೆ ಎರಡು ಸಲ ಓದಿದೆ. ಅದರಲ್ಲಿ ಅಂಥ ನಿಯಮ ಇಲ್ಲ.